ಸದರಿ ‘ಹೂಂ’ ಒಪ್ಪಿಗೆಯಲ್ಲ, ಉಸಿರು

ಇಂದ,
ಮನೆಯ ಕಿರಿಯ ಮಗಳು (ಕರೆಯುವ ಹೆಸರು: ಗುಬ್ಬಿ),
ಅಜ್ಜಿಯ ಮಂಚಕ್ಕೂ ಇಸ್ತ್ರಿ ಮೇಜಿಗೂ ನಡುವಿನ ಜಾಗ,
ಎರಡನೇ ಮಹಡಿ.

ಗೆ,
ಅಮ್ಮನವರು,
ಗೃಹಾಡಳಿತದ ಮುಖ್ಯಸ್ಥರು,
ಅಡುಗೆಮನೆ, ಅದೇ ಮಹಡಿ.

ಮುಖಾಂತರ: ಅಜ್ಜಿ (ಕನ್ನಡಕ ಸಿಗದ ಕಾರಣ ಓದದೆಯೇ ಶಿಫಾರಸು ಮಾಡಿರುತ್ತಾರೆ).

ವಿಷಯ: ಬರುವ ಭಾನುವಾರ ಬೆಳಗ್ಗೆ ಅಕ್ಕನ ಕಬ್ಬಿಣದ ಬೀರು ಎತ್ತುವ ಕರ್ತವ್ಯದಿಂದ ವಿನಾಯಿತಿ ಕೋರಿ, ಹಾಗೂ ‘ಇಂಟರ್ವಲ್’ ಮತ್ತು ‘ಹೂಂ’ ಎಂಬೆರಡು ಪದಗಳ ಅರ್ಥ ಸರಿಪಡಿಸುವ ಬಗ್ಗೆ.

ಉಲ್ಲೇಖ: 1. ಫ್ರಿಜ್ಜಿನ ಬಾಗಿಲಿಗೆ ನಾನು ಅಂಟಿಸಿದ ಚೀಟಿ.
2. “ಹೇಗೂ ಎತ್ತುತ್ತೀಯಲ್ಲ” ಎಂಬ ತಮ್ಮ ಮೌಖಿಕ ಆದೇಶ (ಪದೇ ಪದೇ).
3. ಹಾಲು ಉಕ್ಕಿದ ಪ್ರಕರಣ.

ಮಾನ್ಯರೂ ಮಾತೆಯೂ ಆದವರೇ,

1. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಕಳೆದ ವಾರದಿಂದ ನಾನು ಅಡುಗೆಮನೆಯ ಬಾಗಿಲಿಗೆ ಹಲವು ಸಲ ಬಂದು ನಿಂತಿರುತ್ತೇನೆ. ಪ್ರತಿ ಸಲವೂ ತಾವು “ಏನೇ?” ಎಂದಿರುತ್ತೀರಿ. ಪ್ರತಿ ಸಲವೂ ನಾನು “ಏನಿಲ್ಲಮ್ಮ” ಎಂದು, ಬಂದದ್ದಕ್ಕೊಂದು ನೆಪ ಬೇಕಲ್ಲ ಎಂದು, ಒಂದು ಲೋಟ ನೀರು ಕುಡಿದು ಹಿಂದಿರುಗಿರುತ್ತೇನೆ. ಹೊಟ್ಟೆಯಲ್ಲಿ ಇನ್ನು ನೀರಿಗೆ ಜಾಗವಿಲ್ಲದ ಕಾರಣ ಈ ಅರ್ಜಿ. ಕಚೇರಿಯಲ್ಲಿ ದಿನವಿಡೀ ಬೇರೆಯವರ ಅರ್ಜಿಗಳಿಗೆ ಸ್ವೀಕೃತಿಯ ಮುದ್ರೆ ಒತ್ತುವವಳಾದ್ದರಿಂದ, ಈ ಭಾಷೆಯಲ್ಲಿ ಮಾತ್ರ ನನ್ನ ನಾಲಿಗೆ ತೊದಲುವುದಿಲ್ಲ.

2. ನಾನು ಸೋಮವಾರ ಮತ್ತು ಗುರುವಾರ ಬೆಳಗ್ಗೆ ಜಿಮ್ಮಿನಲ್ಲಿ ಭಾರ ಎತ್ತುತ್ತೇನೆ. ಬುಧವಾರ ಮತ್ತು ಶನಿವಾರ ಸಂಜೆ ನಡುಮನೆಯಲ್ಲಿ ಸ್ಟ್ಯಾಂಡಿಗೆ ಬಿಗಿದ ಸೈಕಲ್ ತುಳಿಯುತ್ತೇನೆ. ಇವೆರಡೂ ಯಾಕೆ ಎಂದು ಸೈಕಲ್ ಕ್ಲಬ್ಬಿನ ಮೇಷ್ಟ್ರನ್ನು ನಾನೂ ಕೇಳಿದ್ದೆ. “ಗುಡ್ಡ ಹತ್ತೋಕೆ ಉಸಿರೂ ಬೇಕು, ತೊಡೇಲಿ ಬಲಾನೂ ಬೇಕು. ಒಂದಿದ್ದು ಇನ್ನೊಂದಿಲ್ಲ ಅಂದ್ರೆ ಅರ್ಧ ಗುಡ್ಡದಲ್ಲಿ ಕೂತು ಗಾಳಿ ತಗೋಬೇಕಾಗುತ್ತೆ” ಎಂದರು. ಭಾರ ಎತ್ತಿದ ಮರುದಿನ ಕಾಲಿಗೆ ರಜೆ ಕೊಡಬೇಕೆಂಬುದು ಅವರ ಕಟ್ಟಾಜ್ಞೆ. ಆದ್ದರಿಂದ ಮಂಗಳವಾರ, ಶುಕ್ರವಾರ ಕಾಲಿಗೆ ರಜೆ. ಭಾನುವಾರ ಮನೆಯದು.

ಕಾಗದದ ಮೇಲೆ ಇದು ಬಹಳ ಚೆನ್ನಾಗಿತ್ತು.

3. ಆದರೆ ಒಂದು ದಿನ ಗ್ಯಾಸಿನವನು ಸಿಲಿಂಡರನ್ನು ಕೆಳಗೇ ಇಳಿಸಿ ಹೋದನು. ಅಪ್ಪನವರೂ ಕೆಳಗಿನ ಮನೆಯ ಟೈಲರ್ ಮಾವನೂ ಅದರ ಸುತ್ತ ನಿಂತು, ಯಾರು ಯಾವ ಕಡೆ ಹಿಡಿಯಬೇಕು, ಯಾವ ಮೆಟ್ಟಿಲಲ್ಲಿ ದಣಿವಾರಿಸಿಕೊಳ್ಳಬೇಕು ಎಂದು ಚರ್ಚಿಸುತ್ತಿದ್ದರು. ನಡುವೆ ನುಸುಳಿಕೊಂಡು ಹೋಗುವುದು ನನಗೆ ಸಂಕೋಚ. ಆ ಕಾರಣ ಸಿಲಿಂಡರನ್ನೇ ಎತ್ತಿಕೊಂಡು ಮೇಲೆ ಬಂದೆ. ಹಿಂದಿನಿಂದ ಅಪ್ಪನವರ ದನಿ ಕಟ್ಟಡಕ್ಕೆಲ್ಲ ಕೇಳಿಸಿತು: “ಅಯ್ಯೋ, ಗುಬ್ಬಿ ಎತ್ತಿಬಿಟ್ಳು ಕಣೇ!”

ಅಂದಿನಿಂದ ನನ್ನ ಹುದ್ದೆ ಬದಲಾಯಿತು. ಅಕ್ಕಿ ಮೂಟೆ, ವಾಷಿಂಗ್ ಮೆಷಿನ್, ಅಜ್ಜಿ ಸಮೇತ ಅಜ್ಜಿಯ ಕುರ್ಚಿ, ಟೈಲರ್ ಮಾವನ ಹೊಲಿಗೆ ಯಂತ್ರ. ಎಲ್ಲವೂ ಸರಿಯಾಗಿ ಮಂಗಳವಾರ ಇಲ್ಲವೇ ಶುಕ್ರವಾರ. ತಾವು ಕಿಟಕಿಯಿಂದ ಬಗ್ಗಿ “ನಮ್ಮವಳಿದ್ದಾಳಲ್ಲ, ಎತ್ತಿಬಿಡ್ತಾಳೆ ಬಿಡಿ” ಎಂದು ನೆರೆಹೊರೆಗೂ ನನ್ನನ್ನು ಮಂಜೂರು ಮಾಡಿರುತ್ತೀರಿ. ಇಷ್ಟೆಲ್ಲ ಎತ್ತಿದ ನಾನು ಇದುವರೆಗೆ ಎತ್ತದೆ ಉಳಿಸಿದ್ದು ಚಕಾರ ಒಂದನ್ನೇ.

4. (ಈ ಅಂಶವನ್ನು ಬರೆದು ಹೊಡೆದುಹಾಕಲಾಗಿದೆ. ಅದರಲ್ಲಿ ಅಕ್ಕನ ಬಗ್ಗೆ ಇತ್ತು.)

5. ‘ಇಂಟರ್ವಲ್’ ಎಂಬ ಪದದ ಬಗ್ಗೆ: ಸೈಕಲ್ಲಿನ ಸಮಯದಲ್ಲಾದರೂ ಯಾರೂ ಕರೆಯದಿರಲಿ ಎಂದು ನಾನು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. “ಬುಧವಾರ, ಶನಿವಾರ ಸಂಜೆ ಆರರಿಂದ ಏಳು: ಇಂಟರ್ವಲ್. ದಯವಿಟ್ಟು ಎಲ್ಲರೂ ಗಮನಿಸಿ.”

ಎಲ್ಲರೂ ಗಮನಿಸಿದರು. ಸಿನಿಮಾ ನೋಡಿ ಬೆಳೆದ ಮನೆ ನಮ್ಮದು. ಇಂಟರ್ವಲ್ ಎಂದರೆ ದೀಪ ಹತ್ತುವುದು, ಕೈಕಾಲು ಚಾಚುವುದು, ಬಾಕಿ ಕೆಲಸ ಮುಗಿಸಿಕೊಂಡು ಬರುವುದು. ಹೀಗಾಗಿ ಮನೆಮಂದಿಯೆಲ್ಲ ತಮ್ಮ ತಮ್ಮ ಕೆಲಸಗಳನ್ನು ನನ್ನ ‘ಬಿಡುವಿನ’ ಒಂದು ಗಂಟೆಗೇ ಎತ್ತಿಟ್ಟುಕೊಂಡರು. ಮೊದಲ ಬುಧವಾರವೇ ತಾವು ಒಗೆದ ಚಾದರ ಹಿಡಿದು ಬಂದಿರಿ.

“ಏನೇ, ಇಂಟರ್ವಲ್ ತಾನೆ?”

“ಹೂಂ... ಮ್ಮ...”

“ಹಾಗಾದ್ರೆ ಈ ಚಾದರದ ಆ ತುದಿ ಹಿಡ್ಕೋ. ಗಟ್ಟಿಯಾಗಿ ಎಳಿ. ಕಾಲು ತಾನೇ ತುಳೀತಿರೋದು, ಕೈ ಖಾಲಿ ಇದೆಯಲ್ಲ.”

ಎಳೆದೆ. ಮರುವಾರ ಬಟಾಣಿ ಬಿಡಿಸಿದೆ. ಅದರ ಮುಂದಿನ ವಾರ ಅಪ್ಪನವರ ಮೊಬೈಲಿನಲ್ಲಿ ಅಳಿಸಿಹೋದ ಫೋಟೊ ಹುಡುಕಿದೆ. ನನ್ನೆದುರಿಗೇ ಕುರ್ಚಿ ಹಾಕಿಸಿಕೊಂಡು ಕೂರುವ ಅಜ್ಜಿಯವರು ಆಗಾಗ ವಿಚಾರಿಸುತ್ತಿದ್ದರು:

“ಎಲ್ಲಿಗೆ ಬಂದ್ಯೇ ಮಗಾ?”

“ಇಲ್ಲೇ... ಇದ್ದೀನಿ... ಅಜ್ಜಿ.”

“ಇಷ್ಟು ತುಳಿದೂ?”

ಈ ಪ್ರಶ್ನೆಯನ್ನು ಬಾಕಿ ಕಡತಕ್ಕೆ ಸೇರಿಸಿ ತುಳಿಯುವುದನ್ನು ಮುಂದುವರಿಸಿದೆ. ತಾವಂತೂ “ನಿಂತ ಸೈಕಲ್ ತುಳಿಯೋ ಬದಲು ಅದೇ ಕಾಲಲ್ಲಿ ಅಂಗಡಿಗೆ ಹೋಗಿ ಬರಬಾರದೇನೇ” ಎಂದು ಸೂಚಿಸಿದ್ದೀರಿ. ಸೂಚನೆಯನ್ನು ಗೌರವದಿಂದ ದಾಖಲಿಸಿಕೊಳ್ಳಲಾಗಿದೆ.

ಆದ್ದರಿಂದ ಸ್ಪಷ್ಟಪಡಿಸುವುದೇನೆಂದರೆ, ಸೈಕಲ್ಲಿನಲ್ಲಿ ಇಂಟರ್ವಲ್ ಎಂದರೆ ಬಿಡುವಲ್ಲ. ಸ್ವಲ್ಪ ಹೊತ್ತು ಪ್ರಾಣ ಹೋಗುವಂತೆ ತುಳಿಯುವುದು. ಹೋದ ಪ್ರಾಣ ಹಿಂದಿರುಗುವವರೆಗೆ ನಿಧಾನವಾಗಿ ತುಳಿಯುವುದು. ಅದು ಬಂದು ಕುಳಿತ ಕೂಡಲೇ ಮತ್ತೆ ಎಬ್ಬಿಸಿ ಕಳುಹಿಸುವುದು. ಸಿನಿಮಾಕ್ಕೆ ಹೋಲಿಸಿದರೆ ಅದು ಹೊಡೆದಾಟದ ದೃಶ್ಯ. ಪೆಟ್ಟು ತಿನ್ನುವವಳು ನಾನು.

6. ‘ಹೂಂ’ ಎಂಬ ಪದದ ಬಗ್ಗೆ: ಇದು ಈ ಅರ್ಜಿಯ ಮುಖ್ಯ ಅಂಶ. ಹಿಂದಿನ ಬುಧವಾರ ಸಂಜೆ, ನನ್ನ ಪ್ರಾಣ ಹೊರಗೆ ಹೋಗಿದ್ದ ವೇಳೆಯಲ್ಲಿ, ತಾವು ಫೋನನ್ನು ತಂದು ನನ್ನ ಕಿವಿಗೆ ಒತ್ತಿ ಹಿಡಿದಿರಿ. ಆ ಕಡೆ ಅಕ್ಕ ಇದ್ದಳು.

“ಗುಬ್ಬೀ, ಭಾನುವಾರ ಬೆಳಗ್ಗೆ ಮನೆ ಶಿಫ್ಟು. ಬರ್ತೀಯಲ್ಲ?”

“ಹೂಂ...”

“ಬೀರು ಮೂರನೇ ಮಹಡಿಗೆ ಹೋಗಬೇಕು. ಲಾರಿಯವರು ಗೀಚಿಹಾಕ್ತಾರೆ ಕಣೇ. ನಿಮ್ಮ ಭಾವನಿಗೆ ಬೆನ್ನು ಹಿಡ್ಕೊಂಡಿದೆ. ನೀನೇ ಒಂದು ಕಡೆ ಹಿಡೀತೀಯಾ?”

“ಹೂಂ...”

“ಬೆಳಗ್ಗೆ ಆರಕ್ಕೇ?”

“ಹೂಂ... ಹೂಂ... ಹೂಂ...”

“ನೋಡಮ್ಮ, ಎಷ್ಟು ಖುಷಿಯಿಂದ ಒಪ್ಪಿದ್ಳು!” ಎಂದು ಅಕ್ಕ ಅಂದದ್ದು ನನಗೂ ಕೇಳಿಸಿತು.

ಈ ಕುರಿತು ನನ್ನ ವಿವರಣೆ: ಸದರಿ ‘ಹೂಂ’ಗಳಲ್ಲಿ ಒಂದೂ ಒಪ್ಪಿಗೆಯಲ್ಲ. ಅವು ಉಸಿರು. ಆ ಕ್ಷಣದಲ್ಲಿ “ಮನೆಗೆ ಬೆಂಕಿ ಹಚ್ಚಲೇ?” ಎಂದು ಕೇಳಿದ್ದರೂ ಅವೇ ಬರುತ್ತಿದ್ದವು. ಆದ ಕಾರಣ ಇಂಟರ್ವಲ್ ವೇಳೆಯಲ್ಲಿ ಪಡೆದ ಯಾವುದೇ ಹೂಂಕಾರಕ್ಕೆ ಮಾನ್ಯತೆ ಇರತಕ್ಕದ್ದಲ್ಲ. ಆಮೇಲಾದರೂ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಂಶ 1ನ್ನು, ನಿರ್ದಿಷ್ಟವಾಗಿ ನೀರಿನ ಲೋಟವನ್ನು, ಗಮನಿಸಲು ಕೋರಿಕೆ.

7. ಭಾನುವಾರವೇ ಯಾಕೆ ಆಗದು ಎಂಬ ಬಗ್ಗೆ: ಅಂದು ಬೆಳಗ್ಗೆ ಏಳಕ್ಕೆ, ಊರಾಚೆ ನೀರಿನ ಟ್ಯಾಂಕಿರುವ ಗುಡ್ಡದ ರಸ್ತೆಯಲ್ಲಿ ಸೈಕಲ್ ಸ್ಪರ್ಧೆ ಇದೆ. ಕ್ಲಬ್ಬಿನ ಹೆಣ್ಣುಮಕ್ಕಳ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಇದೆ. ಟ್ಯಾಂಕನ್ನು ಮೊದಲು ಮುಟ್ಟಿದವಳಿಗೆ ಆ ಜಾಗ. ನನ್ನಷ್ಟೇ ಜೋರಾಗಿ ತುಳಿಯುವ ಇನ್ನೊಬ್ಬಳಿದ್ದಾಳೆ. ಅವಳ ಮನೆಯಲ್ಲಿ ಎತ್ತಲು ಏನೂ ಇಲ್ಲ ಎಂದು ತಿಳಿದುಬಂದಿದೆ.

ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ಹೇಳಿದರೆ ನೋಡಲು ಬರುತ್ತೀರಿ, ನೋಡಿದರೆ ನನಗೆ ಕಾಲೇ ಆಡುವುದಿಲ್ಲ ಎಂಬ ಭಯ. ಶಾಲೆ, ಕಾಲೇಜು, ಕೆಲಸ, ಇವಕ್ಕೆಲ್ಲ ನನ್ನ ಹೆಸರನ್ನು ಯಾರಾದರೊಬ್ಬರು ಬರೆಸಿದ್ದಾರೆ. ನಾನೇ ಹೋಗಿ, ನನ್ನ ಬಾಯಿಂದಲೇ, “ನನ್ನ ಹೆಸರು ಬರ್ಕೊಳ್ಳಿ ಸರ್” ಎಂದದ್ದು ಇದೊಂದಕ್ಕೆ. ಮೇಷ್ಟ್ರು “ಏನಂದೆ? ಜೋರಾಗಿ ಹೇಳು” ಎಂದರು. ಎರಡನೇ ಸಲವೂ ಹೇಳಿದೆ.

8. ಹಾಲು ಉಕ್ಕಿದ ಪ್ರಕರಣದ ಬಗ್ಗೆ: ಮೊನ್ನೆ ಶನಿವಾರ ತಾವು ಹಾಲನ್ನು ಒಲೆಯ ಮೇಲಿಟ್ಟು ಬಟ್ಟೆ ತರಲು ತಾರಸಿಗೆ ಹೋಗಿದ್ದಿರಿ. ನಾನು ಕೊನೆಯ ಸುತ್ತಿನಲ್ಲಿದ್ದೆ. ಗುರುವಾರ ಭಾರ ಎತ್ತಿ, ಶುಕ್ರವಾರ ರಜೆಯ ಬದಲು ಮೂಟೆ ಹೊತ್ತು, ನನ್ನ ಕಾಲುಗಳು ನೆನೆದ ಹಗ್ಗದಂತಾಗಿದ್ದವು. ಆಗ ಮೆಟ್ಟಿಲ ಮೇಲಿಂದ ತಮ್ಮ ಕೂಗು ಬಂತು:

“ಗುಬ್ಬೀ! ಹಾಲು ಉಕ್ತು ಕಣೇ! ಓಡೂ!”

ಈ ಕೂಗಿಗೆ ಎದ್ದು ಓಡುವುದನ್ನು ನನ್ನ ಕಾಲುಗಳು ನಡೆಯಲು ಕಲಿತಾಗಲೇ ಕಲಿತಿವೆ. ಅವು ನನ್ನನ್ನು ಕೇಳಲಿಲ್ಲ. ಸೈಕಲ್ಲಿನಿಂದ ಇಳಿಯಬೇಕೆಂಬುದು ಅವಕ್ಕೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಡುಗೆಮನೆಯ ಬಾಗಿಲ ಮೇಲೆ ಕಣ್ಣಿಟ್ಟು, ಹಲ್ಲು ಕಚ್ಚಿ, ಸೀಟಿನಿಂದ ಮೇಲೆದ್ದು, ಅಡುಗೆಮನೆಯ ಕಡೆಗೆ ತುಳಿದೆ. ಸ್ಟ್ಯಾಂಡು ಗಡಗಡ ಅಂದಿತು. ಅಜ್ಜಿಯವರೂ ಕುರ್ಚಿಯಿಂದ ಅರ್ಧ ಎದ್ದು “ಹೋಗೇ! ಹೋಗೇ! ಬಂದೇಬಿಡ್ತು!” ಎಂದು ಕೂಗಿದರು. ಅಡುಗೆಮನೆ ಮಾತ್ರ ಹತ್ತಿರ ಬರಲಿಲ್ಲ. ಹಾಲು ಉಕ್ಕಿ, ಒಲೆ ಆರಿ, ಕಟ್ಟೆಯಿಂದ ಕೆಳಗಿಳಿದು, ತಾನೇ ನನ್ನ ಕಡೆಗೆ ಹರಿದು ಬಂತು.

ತಾವು ಬಂದು ಗ್ಯಾಸು ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಿರಿ: “ಕಣ್ಣೆದುರಿಗೇ ಇದ್ದೂ ಇಳಿಯೋಕಾಗಲಿಲ್ವಾ?”

“ಬರ್ತಾ ಇದ್ದೆ... ಅಮ್ಮ...” ಎಂದೆ.

ಆ ದಿನ ಹ್ಯಾಂಡಲಿನ ಮೀಟರು ತೋರಿಸಿದಷ್ಟು ವೇಗವನ್ನು ನಾನು ಹಿಂದೆಂದೂ ಕಂಡಿಲ್ಲ. ಮೇಷ್ಟ್ರು ಅದನ್ನು ನೋಡಿ ಕನ್ನಡಕ ಒರೆಸಿಕೊಂಡರು.

“ಇದು ನೀನೇನಾ? ಏನಾಯ್ತು ಆವತ್ತು?”

“ಹಾಲು, ಸರ್.”

“ಹಾಲು ಕುಡಿದು ತುಳಿದ್ಯಾ?”

“ಇಲ್ಲ ಸರ್. ಉಕ್ತು.”

ಅವರು ಮೀಟರನ್ನು ಇನ್ನೊಮ್ಮೆ ನೋಡಿದರು. ಆಮೇಲೆ, “ಏನೋ ಒಂದು. ಭಾನುವಾರ ಕೊನೇ ತಿರುವಲ್ಲಿ ನನಗೆ ಇದೇ ಬೇಕು. ಹೇಗೆ ತರ್ತೀಯೋ ನೋಡು” ಎಂದರು.

ಹೇಗೆ ತರಬೇಕೆಂದು ಮೂರು ದಿನ ಯೋಚಿಸಿದೆ. ತಮ್ಮನ್ನು ಕರೆತರದೆ ಅದು ಬರುವುದಿಲ್ಲ.

9. ಮೇಲ್ಕಂಡ ಎಲ್ಲ ಕಾರಣಗಳಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

(ಅ) ಭಾನುವಾರ ಬೆಳಗ್ಗಿನ ಬೀರುವನ್ನು ಮಧ್ಯಾಹ್ನಕ್ಕೆ ಮುಂದೂಡುವುದು. ಸ್ಪರ್ಧೆ ಮುಗಿಸಿ ನೇರವಾಗಿ ಬಂದು ಒಂದು ಕಡೆ ನಾನೇ ಹಿಡಿಯುತ್ತೇನೆ. ಕಾಲು ನಡುಗುತ್ತಿದ್ದರೆ ಅಕ್ಕ ಗಾಬರಿಯಾಗಬಾರದು. ಬೀರುವಿನೊಳಗಿನ ಬಟ್ಟೆಗಳನ್ನಾದರೂ ಮೊದಲು ಹೊರತೆಗೆಯಬೇಕು. (ಅಂಶ 4ರಲ್ಲಿ ಇದ್ದದ್ದು ಇದೇ.)

(ಆ) ಶನಿವಾರದಂದು ನನ್ನಿಂದ ಅಜ್ಜಿಯ ಕುರ್ಚಿಯನ್ನೂ ಎತ್ತಿಸದಿರುವುದು. ಅಜ್ಜಿಯವರು ಒಂದು ದಿನದ ಮಟ್ಟಿಗೆ ಇದ್ದಲ್ಲೇ ಇರಲು ಒಪ್ಪಿರುತ್ತಾರೆ. ಅವರ ‘ಹೂಂ’ ಅನ್ನು ಆರಾಮವಾಗಿ ಕುಳಿತಿದ್ದಾಗಲೇ ಪಡೆಯಲಾಗಿದೆ.

(ಇ) ಅಜ್ಜಿಯವರನ್ನು ಟ್ಯಾಂಕಿನವರೆಗೂ ಆಟೊದಲ್ಲಿ ಕರೆತಂದು, ನಾನು ತುದಿ ಮುಟ್ಟಿದ ಮೇಲೆ “ಎಲ್ಲಿಗೆ ಬಂದ್ಯೇ ಮಗಾ?” ಎಂದು ಕೇಳಲು ಅವಕಾಶ ಮಾಡಿಕೊಡುವುದು.

(ಈ) ತಾವು ಖುದ್ದಾಗಿ ಗುಡ್ಡದ ಕೊನೆಯ ತಿರುವಿನಲ್ಲಿ ನಿಂತು, ನಾನು ಕಾಣಿಸಿಕೊಂಡ ಕೂಡಲೇ, ಮೆಟ್ಟಿಲ ಮೇಲಿಂದ ಕೂಗುವ ದನಿಯಲ್ಲಿಯೇ, ಹಾಲು ಉಕ್ಕಿತೆಂದು ಕೂಗುವುದು. ‘ಶಹಬ್ಬಾಸ್’ ಮುಂತಾದವುಗಳಿಂದ ನನ್ನ ಕಾಲುಗಳಿಗೆ ಪ್ರಯೋಜನವಿಲ್ಲ. ನಾಲ್ಕು ಜನರೆದುರು ನನ್ನನ್ನು ‘ಗುಬ್ಬಿ’ ಎಂದು ಕರೆಯಬಾರದೆಂಬ ನನ್ನ ಹಳೆಯ ಮನವಿಯನ್ನು ಅಂದು ಒಂದು ಬೆಳಗಿನ ಮಟ್ಟಿಗೆ ಹಿಂಪಡೆದಿರುತ್ತೇನೆ. ಜನ ತಿರುಗಿ ನೋಡಿದರೆ ನೋಡಲಿ.

ಈ ಅರ್ಜಿಯನ್ನು ಸಕ್ಕರೆ ಡಬ್ಬದ ಕೆಳಗೆ ಇಟ್ಟಿರುತ್ತೇನೆ. ಓದಿದ ಮೇಲೆ ತಾವು “ಏನೇ ಇದು?” ಎಂದು ಕೇಳಿದರೆ ನಾನು “ಏನಿಲ್ಲಮ್ಮ” ಎನ್ನುವ ಸಾಧ್ಯತೆ ಇದೆ. ಅದನ್ನು ಪರಿಗಣಿಸಬಾರದಾಗಿ ಪ್ರಾರ್ಥನೆ.

ಬೀರುವಿನ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
(ಸಹಿ) ಗುಬ್ಬಿ

ಅಡಕಗಳು:
1. ಫ್ರಿಜ್ಜಿನ ಚೀಟಿಯ ತಿದ್ದಿದ ಪ್ರತಿ (‘ಇಂಟರ್ವಲ್’ ಹೊಡೆದುಹಾಕಿ ‘ಹೊಡೆದಾಟ’ ಎಂದು ಓದಿಕೊಳ್ಳುವುದು).
2. ಸ್ಪರ್ಧೆಯ ದಿನ ಬೆನ್ನಿಗೆ ಹಚ್ಚಿಕೊಳ್ಳುವ ಸಂಖ್ಯೆ. ನನ್ನ ಕೈ ಬೆನ್ನಿಗೆ ಎಟಕುವುದಿಲ್ಲ. ಪಿನ್ನು ತಾವೇ ಹಾಕಬೇಕು.
3. ಹಾಲಿನ ಪಾತ್ರೆ, ಉಜ್ಜಿ ತಳ ಬೆಳ್ಳಗಾಗಿಸಿದ್ದು.

ಪ್ರತಿಗಳು: ಅಕ್ಕನಿಗೆ, ಮುಂದಿನ ಕ್ರಮಕ್ಕಾಗಿ. ಅಪ್ಪನವರಿಗೆ, ಕಟ್ಟಡಕ್ಕೆಲ್ಲ ಕೇಳಿಸುವಂತೆ ಓದಬಾರದೆಂಬ ಷರತ್ತಿನೊಂದಿಗೆ.

ವಿಶೇಷ ಸೂಚನೆ: ಭಾನುವಾರ ಮನೆಯಿಂದ ಹೊರಡುವ ಮುನ್ನ ಒಲೆ ಆರಿದೆಯೇ ಎಂದು ತಾವು ಎರಡು ಸಲ ನೋಡಿ, ಹಾಗೆ ನೋಡಿದ್ದನ್ನು ಸ್ಪರ್ಧೆಗೆ ಮೊದಲೇ ನನ್ನ ಕಾಲುಗಳಿಗೆ ಕೇಳಿಸುವಂತೆ ತಿಳಿಸತಕ್ಕದ್ದು. ಇಲ್ಲವಾದಲ್ಲಿ ಅವು ಟ್ಯಾಂಕಿನ ಬಳಿ ನಿಲ್ಲದೆ, ಗುಡ್ಡದ ಆ ಕಡೆಯಿಂದ ಇಳಿದು, ನೇರವಾಗಿ ಅಡುಗೆಮನೆಗೇ ಬಂದುಬಿಡುವ ಸಂಭವವಿದೆ.