ಕರಡಪ್ಪ ಹೇಳಿದ ನಿದ್ದೆಯ ಪಾಠ

ಒಂದು ದೀರ್ಘ ಬಿಟ್ಟುಹೋಗಿತ್ತು. ಅಷ್ಟೇ.

ಸಹಕಾರ ಸಂಘವೊಂದರ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ‘ನಮ್ಮ ಅಧ್ಯಕ್ಷರ ದೂರದೃಷ್ಟಿಯೇ ಸಂಘದ ಇಂದಿನ ಸ್ಥಿತಿಗೆ ಕಾರಣ’ ಎಂದಿರಬೇಕಾದ ಕಡೆ ‘ದುರದೃಷ್ಟಿಯೇ’ ಎಂದು ಅಚ್ಚಾಗಿತ್ತು. ಇಡೀ ಸಂಚಿಕೆಯಲ್ಲಿ ನಿಜ ಇರುವುದು ಈ ಒಂದೇ ಸಾಲಿನಲ್ಲಿ ಎಂದು ಸದಸ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ನಗಲಿಲ್ಲ. ನೇರ ಪ್ರೆಸ್ಸಿಗೆ ಬಂದು ಯಜಮಾನರ ಮೇಜು ಗುದ್ದಿದರು. ಯಜಮಾನರು ಕರಡು ತಿದ್ದುವವನನ್ನು ಕರೆಸಿದರು.

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎಲ್ಲರಿಗೂ ಅವನು ಕರಡಪ್ಪ. ಇಪ್ಪತ್ತು ವರ್ಷಗಳಿಂದ ತಲೆಯಿಂದ ಹೇನು ಹೆಕ್ಕುವ ಹಾಗೆ ಪುಟಗಳಿಂದ ತಪ್ಪು ಹೆಕ್ಕುತ್ತ ಬಂದವನು. ಆದರೆ ಎರಡು ತಿಂಗಳಿಂದ ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣುಗಳು ಹಣ್ಣಾದ ಟೊಮೆಟೊದಂತಾಗಿದ್ದವು.

“ಈ ಕಣ್ಣಲ್ಲಿ ದೀರ್ಘ ಹೇಗೋ ಕಾಣುತ್ತೆ?” ಎಂದು ಯಜಮಾನರು ತಮ್ಮ ಮಣಿಕಟ್ಟು ಮುಂದೆ ಚಾಚಿದರು. ಅಲ್ಲಿ ಕರಿಯ ಗಡಿಯಾರವೊಂದು ಮಿನುಗುತ್ತಿತ್ತು. “ನೋಡು, ನಿದ್ದೆ ಅಳೆಯೋ ವಾಚು. ನಿನ್ನ ಭಾವಮೈದನ ಅಂಗಡೀದೇ. ನಾಳೆಯಿಂದ ನಿನ್ನ ಕೈಗೂ ಒಂದು. ದಿನಾ ಬೆಳಗ್ಗೆ ನೂರಕ್ಕೆ ಎಂಬತ್ತು ಅಂಕ ತಂದು ತೋರಿಸ್ಬೇಕು. ಇಲ್ದಿದ್ರೆ ಬೈಂಡಿಂಗಿಗೆ ಹೋಗಿ ಗೋಂದು ಹಚ್ಚು.”

“ಅದು ಕಟ್ಕೊಂಡ ಮೇಲೆ ನಿಮಗೆ ನಿದ್ದೆ ಬರ್ತಿದೆಯಾ ಸಾರ್?”

ಯಜಮಾನರು ವಾಚಿನ ಗಾಜು ಒರೆಸಿಕೊಂಡರು. “ಬರ್ತಿಲ್ಲ. ಆದ್ರೆ ಎಷ್ಟು ಬರ್ತಿಲ್ಲ ಅಂತ ಸರಿಯಾಗಿ ಗೊತ್ತಾಗ್ತಿದೆ.”

ಕರಡಪ್ಪನಿಗೆ ರೇಗಿತು. “ನಿದ್ದೆ ನಂದು, ಕಣ್ಣು ನಂದು. ಅಂಕ ಹಾಕೋಕೆ ಗಡಿಯಾರ ಯಾವೂರ ಮೇಷ್ಟ್ರು? ಲೈಬ್ರರಿಯಿಂದ ನಿದ್ದೆ ಬಗ್ಗೆ ಒಂದು ಪುಸ್ತಕ ತಂದಿದೀನಿ. ಅದರಲ್ಲಿ ಹೇಳಿದ್ದಕ್ಕೆ ಬಿಡಿಗಾಸು ಖರ್ಚಿಲ್ಲ. ನಾಳೆ ಸಂಜೆ ನಾಲ್ಕಕ್ಕೆ ಪದಕೋಶದ ಅರವತ್ತು ಪುಟ ತಿದ್ದಿ ನಿಮ್ಮ ಮೇಜಿನ ಮೇಲೆ ಇಡ್ತೀನಿ. ನಡುವೆ ಒಂದು ಸಲ ನಾನು ತೂಕಡಿಸಿದ್ದು ಯಾರಾದ್ರೂ ಕಂಡ್ರೆ, ಕೈಗೆ ವಾಚು ಯಾಕೆ, ಕೊರಳಿಗೆ ಗಂಟೇನೇ ಕಟ್ಟಿ!”

ಆ ರಾತ್ರಿ ಅವನಿಗೆ ನಿದ್ದೆ ಹತ್ತಿದ್ದು ಮೂರು ಗಂಟೆಯ ಮೇಲೆ. ಆದರೂ ಬೆಳಗ್ಗೆ ಆರಕ್ಕೆ ಸರಿಯಾಗಿ ಎದ್ದ. ಯಾವಾಗ ಮಲಗಿದರೂ ಏಳುವ ಹೊತ್ತು ಬದಲಾಗಬಾರದು, ಎದ್ದ ಕೂಡಲೇ ಕಣ್ಣಿಗೆ ಹಗಲ ಬೆಳಕು ಬೀಳಬೇಕು ಎಂದು ಪುಸ್ತಕ ಹೇಳಿತ್ತು. ಪಟ್ಟೆ ಪೈಜಾಮದಲ್ಲೇ ಮಹಡಿ ಹತ್ತಿದ. ನೀರಿನ ತೊಟ್ಟಿಯ ನೆರಳು ಬೀಳದ ಜಾಗ ಅಂಚಿನಲ್ಲಿ ಮಾತ್ರ ಇತ್ತು. ಅಲ್ಲೇ ಕೈ ಎರಡೂ ಚಾಚಿ ಸೂರ್ಯನಿಗೆ ಮುಖ ಕೊಟ್ಟು ನಿಂತ.

“ಅಯ್ಯಯ್ಯೋ! ಹಿಂದಕ್ಕೆ ಸರೀರಿ!” ಎದುರುಮನೆಯ ನಿವೃತ್ತ ಮೇಷ್ಟ್ರು ಹಲ್ಲುಜ್ಜುವ ಬ್ರಷ್ಷು ಬೀಸುತ್ತ ಕೂಗಿದರು. “ಏನೇ ಕಷ್ಟ ಇದ್ರೂ ಮಾತಾಡಿ ಬಗೆಹರಿಸ್ಕೋಬಹುದು!”

“ಬೆಳಕು ತಗೋತಿದೀನಿ ಮೇಷ್ಟ್ರೇ!”

“ಬೆಳಕು ಕೆಳಗೂ ಸಿಗುತ್ತೆ! ಮೆಟ್ಟಿಲ ಮೇಲಿಂದಾನೇ ಇಳೀರಿ!”

ಮೇಷ್ಟ್ರು ಅವನ ಹೆಂಡತಿಗೆ ಫೋನು ಮಾಡಿದರು. ಅವಳು ಸೌಟು ಹಿಡಿದೇ ಮಹಡಿಗೆ ಓಡಿಬಂದು ಗಂಡನ ಪೈಜಾಮದ ಲಾಡಿಯನ್ನು ಭದ್ರವಾಗಿ ಹಿಡಿದುಕೊಂಡಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಆಯ್ತು ರೀ, ನಿಮ್ಮಿಷ್ಟ” ಎಂದು ಕೆಳಗಿಳಿದಳು. ಇಳಿದವಳೇ ತಮ್ಮನಿಗೆ ಫೋನು ಮಾಡಿ, “ಭಾವನಿಗೆ ತಲೆ ಒಂಥರಾ ಆಗಿದೆ ಕಣೋ. ಮಧ್ಯಾಹ್ನ ಪ್ರೆಸ್ಸಿಗೆ ಹೋಗಿ ಒಂದು ಕಣ್ಣಿಟ್ಟಿರು” ಎಂದಳು.

ಪ್ರೆಸ್ಸಿನಲ್ಲಿ ಊಟದವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಊಟ ಮುಗಿದದ್ದೇ ನಿದ್ದೆ ಎಂಬುದು ಬಾಗಿಲ ಹೊರಗೆ ಕಾದಿದ್ದ ಸಾಲ ಕೊಟ್ಟವನಂತೆ ಮೈಮೇಲೆ ಬಂತು. ಅವನ ಎದುರು ಬಿಚ್ಚಿಕೊಂಡದ್ದು ಪದಕೋಶದ ‘ನ’ ಅಕ್ಷರ. ‘ನಿದ್ದೆ: ನಿದ್ರೆ, ಶಯನ, ಸುಪ್ತಿ, ಜೊಂಪು, ಮಂಪರು...’ ಆಕಳಿಕೆ ಕಿವಿಯವರೆಗೆ ಹರಿಯಿತು. ಆದರೆ ಹಗಲು ಹೊತ್ತು ಕಳೆದಷ್ಟೂ ಮೈಯೊಳಗೆ ನಿದ್ದೆಯ ಭಾರ ಕೂಡಬೇಕು, ಮಧ್ಯಾಹ್ನ ತೂಕಡಿಸಿದರೆ ಕೂಡಿಟ್ಟದ್ದೆಲ್ಲ ಸೋರಿಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎದ್ದು ಹಾಳೆಯನ್ನು ಗೋಡೆಗೆ ಅಂಟಿಸಿದ. ಕುದುರೆಯಂತೆ ಕಾಲು ಬದಲಾಯಿಸುತ್ತ ನಿಂತೇ ಓದತೊಡಗಿದ.

ಅಕ್ಷರ ಜೋಡಿಸುವ ಟೈಪಿಂಗ್ ಅಕ್ಕ ಚಹಾ ತಂದಿಟ್ಟಳು. “ತಗೋ ಅಣ್ಣಾ, ಇವತ್ತು ನಾನು ಕೊಡಿಸ್ತಿರೋದು.”

“ಮಧ್ಯಾಹ್ನದ ಮೇಲೆ ಚಹಾ ಬಿಟ್ಟಿದೀನಿ ಅಕ್ಕಾ. ಈಗ ಕುಡಿದದ್ದು ರಾತ್ರಿವರೆಗೂ ಒಳಗೆ ಕಾವಲು ಕೂತಿರುತ್ತೆ.”

“ಅಂದ್ರೆ ನನ್ನ ಮೇಲೆ ಕೋಪ. ಆ ದೀರ್ಘ ಬಿಟ್ಟಿದ್ದು ನಾನೇ ಅಂತ.”

“ಕೋಪ ಇಲ್ಲಮ್ಮ!”

“ಇದೆ. ಗೋಡೆ ಕಡೆ ಮುಖ ತಿರುಗಿಸ್ಕೊಂಡು ನಿಂತಿದೀಯ.”

ಹತ್ತೇ ನಿಮಿಷದಲ್ಲಿ ಕರಡಪ್ಪ ಟೈಪಿಂಗ್ ಅಕ್ಕನ ಜತೆ ಮಾತು ಬಿಟ್ಟಿದ್ದಾನೆ ಎಂಬ ಸುದ್ದಿ ಅಚ್ಚಿನ ಕೋಣೆ ಮುಟ್ಟಿತು. ಅಲ್ಲಿಂದ ಹೊರಡುವಾಗ ಅದು ಕರಡಪ್ಪ ಕೆಲಸ ಬಿಡುತ್ತಿದ್ದಾನೆ ಎಂದಾಗಿತ್ತು. ಬೈಂಡಿಂಗಿಗೆ ತಲುಪುವ ಹೊತ್ತಿಗೆ ಅವನಿಗೆ ಹೆಸರೇ ಇಲ್ಲದ ಕಾಯಿಲೆ ಅಂಟಿತ್ತು. ಅಚ್ಚಿನ ಯಂತ್ರ ನಡೆಸುವ ಮೆಷಿನ್ ಮಾಮ ಕೈಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತ ಬಂದು, “ಎಷ್ಟು ದಿನ ಅಂದ್ರು ಡಾಕ್ಟ್ರು?” ಎಂದು ಮೆಲ್ಲಗೆ ಕೇಳಿದ.

“ಅರವತ್ತು ಪುಟ ಮುಗಿಯೋವರೆಗೆ ಅಂದ್ರು. ದಾರಿ ಬಿಡು ಮಾಮ!”

ಅಷ್ಟರಲ್ಲಿ ಭಾವಮೈದ ಹಾಜರಾದ. ಕೈಗೊಂದು ವಾಚು, ಬೆರಳಿಗೊಂದು ನಿದ್ದೆ ಅಳೆಯುವ ಉಂಗುರ. ತನ್ನ ಫೋನನ್ನು ಕರಡಪ್ಪನ ಮೇಜಿನ ಮೇಲೆ ನಿಲ್ಲಿಸಿದ. “ಭಾವ, ಎಲ್ಲಾ ರೆಕಾರ್ಡ್ ಆಗ್ತಿರುತ್ತೆ. ತೂಕಡಿಸಿದ್ರೆ ಸಾಕ್ಷಿ ಬೇಕಲ್ಲ. ಸುಮ್ನೆ ಒಂದು ವಾಚು ತಗೊಳ್ಳಿ ಅಂದ್ರೆ ಕೇಳಲ್ಲ. ನಂಗೆ ನೋಡಿ, ರಾತ್ರಿ ಎಷ್ಟು ಸಲ ಎಚ್ಚರ ಆಯ್ತು ಅಂತ ಇದು ಹೇಳುತ್ತೆ.”

“ಅಂಕ ಎಷ್ಟಾಯ್ತು ಅಂತ ನೋಡೋಕೇ ಎಚ್ಚರ ಆಗಿರ್ತೀಯ. ಬಾಯ್ಮುಚ್ಚು.”

ಕರಡಪ್ಪ ಮುಖಕ್ಕೆ ತಣ್ಣೀರು ಎರಚಿಕೊಂಡ. ಒಂದು ಪುಟಕ್ಕೊಮ್ಮೆ ಪ್ರೆಸ್ಸಿನ ಅಂಗಳ ಸುತ್ತಿದ. ಅವನ ಹಿಂದೆ, ತೂಕಡಿಸುವ ಗಳಿಗೆ ತಪ್ಪಿಹೋದೀತೆಂದು ಭಾವಮೈದ, ಬಿದ್ದರೆ ಹಿಡಿಯಲೆಂದು ಮೆಷಿನ್ ಮಾಮ, ಕೋಪ ಇಳಿಯಿತೇ ಎಂದು ನೋಡಲು ಟೈಪಿಂಗ್ ಅಕ್ಕ. ಹೀಗೆ ನಾಲ್ವರ ಮೆರವಣಿಗೆ ನಡೆದೂ ನಡೆದೂ ನಾಲ್ಕು ಹೊಡೆಯಲು ಐದು ನಿಮಿಷ ಇರುವಾಗ ಕೊನೆಯ ಪುಟ ಮುಗಿಯಿತು. ಕರಡಪ್ಪ ಅರವತ್ತು ಹಾಳೆಗಳನ್ನು ಯಜಮಾನರ ಮೇಜಿನ ಮೇಲೆ ಧಪ್ಪೆಂದು ಹಾಕಿದ. ಮೂವರೂ ಹಿಂದೆಯೇ ಬಂದು ಬೆಂಚಿನ ಮೇಲೆ ಕೂತರು. ಭಾವಮೈದ ಫೋನನ್ನು ಅಲ್ಲೂ ನಿಲ್ಲಿಸಿದ.

ಯಜಮಾನರು ಕನ್ನಡಕ ಏರಿಸಿ ತಿರುವಿದರು. ಒಂದು ಒತ್ತೂ ಜಾರಿರಲಿಲ್ಲ, ಒಂದು ಸೊನ್ನೆಯೂ ತಪ್ಪಿರಲಿಲ್ಲ. “ಹ್ಞೂಂ. ಅದೇನು ನಿನ್ನ ಪುಸ್ತಕದಲ್ಲಿ ಇರೋದು, ಹೇಳು ನೋಡೋಣ.”

ಇಪ್ಪತ್ತು ವರ್ಷ ಬೇರೆಯವರ ಮಾತನ್ನೇ ತಿದ್ದಿದವನಿಗೆ ಮಾತಾಡಲು ಸಿಕ್ಕ ಮೊದಲ ಅವಕಾಶ. ನೆಟ್ಟಗೆ ನಿಂತು, ಕರಡು ಓದಿ ಓದಿ ಬಂದಿದ್ದ ಆ ಒಂದೇ ಸಮನೆಯ ದನಿಯಲ್ಲಿ ಶುರುಮಾಡಿದ. ಮೈಯೊಳಗೇ ಒಂದು ಗಡಿಯಾರ ಇದೆ, ಬೆಳಗಿನ ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ಹಾಸಿಗೆ ಇರುವುದು ನಿದ್ದೆಗೆ. ಅಲ್ಲಿ ಲೆಕ್ಕ, ಜಗಳ, ಫೋನು ಕೂಡದು. ಕೋಣೆ ತಂಪಾಗಿರಲಿ, ಕತ್ತಲಾಗಿರಲಿ. ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತುಕೊಳ್ಳಿ. ನಿದ್ದೆಯನ್ನು ಅಟ್ಟಿಸಿಕೊಂಡು ಹೋಗಬೇಡಿ...

ಕೊನೆಗೆ ನಿದ್ದೆಯ ಹಂತಗಳ ವಿವರಣೆ. ಮೊದಲ ಹಂತ ಮುಗಿಸಿ ಎರಡನೆಯದಕ್ಕೆ ಬರುವಾಗ ಮೆಷಿನ್ ಮಾಮನ ಗಲ್ಲ ಎದೆಗೆ ತಾಗಿತು. ಮೂರನೆಯದರಲ್ಲಿ ಟೈಪಿಂಗ್ ಅಕ್ಕ ಭಾವಮೈದನ ಹೆಗಲಿಗೂ, ಭಾವಮೈದ ಗೋಡೆಗೂ ಒರಗಿದರು. ಕನಸಿನ ಹಂತದ ಬಗ್ಗೆ ಹೇಳುವಾಗ ಯಜಮಾನರ ಹಣೆ ಪದಕೋಶದ ಮೇಲೆ ಮೃದುವಾಗಿ ಇಳಿಯಿತು. ನಾಲ್ಕು ಗೊರಕೆಗಳು ನಾಲ್ಕು ಶ್ರುತಿಯಲ್ಲಿ ಎದ್ದವು. ಕಣ್ಣು ತೆರೆದಿದ್ದವನು ಕರಡಪ್ಪ ಒಬ್ಬನೇ.

ಐದೂವರೆಗೆ ಯಜಮಾನರು ಎದ್ದರು. ಹಣೆಯ ಮೇಲೆ ‘ಸುಪ್ತಿ’ ಎಂಬುದು ತಿರುಗುಮುರುಗಾಗಿ ಅಚ್ಚಾಗಿತ್ತು. ವಾಚು ನೋಡಿಕೊಂಡವರ ಕಣ್ಣಲ್ಲಿ ನೀರು ಬಂತು. “ತೊಂಬತ್ತಾರು! ನನ್ನ ಜನ್ಮದಲ್ಲಿ ಬಂದಿರ್ಲಿಲ್ಲ ಕಣೋ! ಕರಡು ಗಿರಡು ಎಲ್ಲಾ ಬಿಡು. ದಿನಾ ರಾತ್ರಿ ಹತ್ತಕ್ಕೆ ನಮ್ಮನೆಗೆ ಬಂದು ಇದನ್ನೇ ಹೇಳು. ನಾನು ಮಲಗಿದ ಮೇಲೆ ಹೋಗುವಿಯಂತೆ.”

“ಹತ್ತಕ್ಕೆ ನಾನು ನನ್ನ ಹಾಸಿಗೇಲಿ ಇರ್ಬೇಕು ಸಾರ್. ಆಗಲ್ಲ.”

“ಹಾಗಾದ್ರೆ ಹಗಲು ಎರಡರಿಂದ ನಾಲ್ಕು, ಇಲ್ಲೇ.”

“ಹಗಲು ಮಲಗಿದ್ರೆ ನಿಮಗೆ ರಾತ್ರಿ ನಿದ್ದೆ ಕೆಡುತ್ತೆ. ತಪ್ಪು ಅಂತ ಗೊತ್ತಿದ್ದೂ ನಾನು ಬಿಡೋನಲ್ಲ.”

“ಎದುರು ಮಾತಾಡ್ತೀಯಾ? ಗೋಂದಿಗೆ ಹೋಗ್ತೀಯ ನೋಡು!”

“ಡಬ್ಬ ಎಲ್ಲಿದೆ ಹೇಳಿ, ಈಗಲೇ ಹೋಗ್ತೀನಿ!”

ಆಗ ಭಾವಮೈದ ಕಣ್ಣುಜ್ಜುತ್ತ ಎದ್ದು ಫೋನು ಕೈಗೆತ್ತಿಕೊಂಡ. “ಭಾವ ಬರದೇ ಇದ್ರೂ ಪರವಾಗಿಲ್ಲ ಸಾರ್. ಪೂರ್ತಿ ಇದರಲ್ಲಿದೆ. ನಿಮ್ಮ ವಾಚಿಗೆ ಹಾಕ್ಕೊಡ್ತೀನಿ, ಕಿವಿ ಹತ್ರ ಇಟ್ಕೊಳ್ಳಿ. ಇನ್ಮೇಲೆ ನಮ್ಮ ಅಂಗಡೀಲಿ ವಾಚಿನ ಜತೆ ಭಾವನ ದನೀನೂ ಮಾರಬಹುದು!”

ಯಜಮಾನರು ಅವನನ್ನು ಅಪ್ಪಿಕೊಂಡರು. ಯಂತ್ರ ಬೇಡ ಎಂದು ಗಂಟಲು ಹರಿದುಕೊಂಡವನ ಗಂಟಲೇ ಯಂತ್ರದೊಳಗೆ ಕೂತುಬಿಟ್ಟಿತ್ತು. ಕರಡಪ್ಪನಿಗೆ ಉಳಿದದ್ದು ಗೋಂದಿನ ಡಬ್ಬ.

ಅವನು ಬಾಗಿಲವರೆಗೆ ಹೋಗಿ, ತಲೆಯೆತ್ತಿ ತಿರುಗಿ ನಿಂತ. “ಆ ಭಾಷಣದಲ್ಲಿ ನಾನು ಒಂದು ಕಡೆ ತಪ್ಪು ಹೇಳಿದೀನಿ. ಎಲ್ಲಿ ಅಂತ ಹೇಳಲ್ಲ. ಕೇಳಿಸ್ಕೊಂಡು ಹುಡುಕಿ!”

“ಏಯ್! ಎಲ್ಲಿ? ಯಾವ ಪದ?” ಯಜಮಾನರು ಕೂಗುತ್ತಲೇ ಇದ್ದರು. ಅವರಿಗೆ ಇನ್ನು ಒಂದು ವರ್ಷ ನಿದ್ದೆ ಬರುವುದಿಲ್ಲ ಎಂಬ ಖುಷಿಯಲ್ಲಿ ಕರಡಪ್ಪ ಎದೆಯುಬ್ಬಿಸಿ ಮನೆಗೆ ನಡೆದ.

ಹತ್ತಕ್ಕೆ ದೀಪ ಆರಿಸಿ ಮಲಗಿದ. ಕೋಣೆ ತಂಪಾಗಿತ್ತು, ಕತ್ತಲಾಗಿತ್ತು, ಮೈತುಂಬ ನಿದ್ದೆಯ ಭಾರವಿತ್ತು. ರೆಪ್ಪೆ ಮುಚ್ಚುತ್ತಿದ್ದಂತೆ ನಗು ಬಂತು. ತಪ್ಪು ಎಂದು ಹೇಳಿದ್ದು ಶುದ್ಧ ಸುಳ್ಳು. ಭಾಷಣದಲ್ಲಿ ತಪ್ಪೇ ಇರಲಿಲ್ಲ.

ಇರಲಿಲ್ಲವೇ?

‘ಮಿದುಳು’ ಎಂದೆನೋ, ‘ಮೆದುಳು’ ಎಂದೆನೋ? ಮೊದಲ ಸಲ ‘ಮಿ’ ಎಂದು ಎರಡನೇ ಸಲ ‘ಮೆ’ ಎಂದಿದ್ದರೆ? ಎರಡನೆಯ ಹಂತಕ್ಕೆ ಹೋಗುವ ಮುಂಚೆ ಮೊದಲನೆಯದನ್ನು ಸರಿಯಾಗಿ ಮುಗಿಸಿದ್ದೆನೇ? ಅವನು ಭಾಷಣವನ್ನು ಮೊದಲ ಪದದಿಂದ ತಿದ್ದತೊಡಗಿದ. ಕಣ್ಣುಗಳು ಬೆಕ್ಕಿನ ಕಣ್ಣಿನಂತೆ ಅರಳಿದವು.

ಸ್ವಲ್ಪ ಹೊತ್ತಿಗೆ ಹೆಂಡತಿ ಮಗ್ಗುಲಾದಳು. ಗಂಡ ಕುರ್ಚಿಯ ಮೇಲೆ ಕತ್ತಲಲ್ಲಿ ಗೂಬೆಯ ಹಾಗೆ ಕೂತಿದ್ದ.

“ಇದೇನ್ರೀ, ಇವತ್ತೂ ನಿದ್ದೆ ಬರ್ಲಿಲ್ವಾ?”

“ಬರ್ಲಿಲ್ಲ ಅಂದ್ರೆ ಎದ್ದು ಕೂರ್ಬೇಕು. ಪುಸ್ತಕದಲ್ಲೇ ಇದೆ!” ಎಂದು ಕರಡಪ್ಪ ಗುಡುಗಿದ.