ಒಂಬತ್ತು ಮೀನಿನ ವಾಚು

ಅಪ್ಪನ ವಾಚಿನ ಬೆಲೆಯನ್ನು ಭಾನುವಾರದೊಳಗೆ ಪತ್ತೆ ಹಚ್ಚಿ, ಅದು ಅಮ್ಮನ ಹೊಲಿಗೆ ಯಂತ್ರಕ್ಕಿಂತ ಹತ್ತು ಪಟ್ಟು ಹೆಚ್ಚೆಂದು ಸಾಬೀತು ಮಾಡದಿದ್ದರೆ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು ಘೋಷಿಸಿದೆ.

"ಹೆಸರು ಇರಲಿ, ಮೊದಲು ಬಚ್ಚಲಮನೆ ಬಲ್ಬು ಬದಲಾಯಿಸಿ," ಎಂದಳು ಹೆಂಡತಿ.

ಅವಳ ಸಿಟ್ಟಿಗೆ ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ಹಂಚಿಕೊಳ್ಳಲು ಉಳಿದದ್ದು ಎರಡೇ ಸಾಮಾನು: ಆ ಯಂತ್ರ, ಈ ವಾಚು. "ನೀನೇ ಮೊದಲು ಆರಿಸ್ಕೊಳ್ಳೋ," ಎಂದಿದ್ದಳು ಅಕ್ಕ. ಹೆಂಡತಿ ಹಿಂದಿನಿಂದ ಮೂರು ಸಲ ಚಿವುಟಿದಳು. ಯಂತ್ರ, ಯಂತ್ರ, ಯಂತ್ರ ಎಂದು ಅದರ ಅರ್ಥ. ನಾನು ಬೆನ್ನು ಉಜ್ಜಿಕೊಳ್ಳುತ್ತಾ "ವಾಚು" ಎಂದೆ! ಅಕ್ಕ ಪಾಪ ಒಳ್ಳೆಯವಳು. "ಮನಸ್ಸು ಬದಲಾದ್ರೆ ಭಾನುವಾರದೊಳಗೆ ಹೇಳು, ಅದಲು ಬದಲು ಮಾಡ್ಕೊಳ್ಳೋಣ. ಆಮೇಲೆ ಯಂತ್ರ ನನ್ನ ಸೊಸೆ ತಗೊಂಡು ಹೋಗ್ತಾಳೆ," ಎಂದಿದ್ದಳು.

ಆ ವಾಚಿನ ಮೇಲೆ ನನಗೆ ಹಳೆಯ ಹಗೆಯೂ ಇತ್ತು, ಹೆಮ್ಮೆಯೂ ಇತ್ತು. ಶಾಲೆಯಿಂದ ಬರಲಿ, ಅಂಗಡಿಯಿಂದ ಬರಲಿ, ಅಪ್ಪ ಬಾಗಿಲಲ್ಲೇ ಮಣಿಕಟ್ಟು ತಿರುಗಿಸಿ ನೋಡುತ್ತಿದ್ದರು. "ಲೇಟು ಕಣೋ ನೀನು. ನನ್ನ ವಾಚು ಒಂದು ನಿಮಿಷ ಆಚೀಚೆ ಹೋಗಲ್ಲ!"

"ವಾಚು ಅಂದ್ರೆ ಅದು ಕಣೇ," ಎಂದೆ ಹೆಂಡತಿಗೆ. "ನಿಮ್ಮಪ್ಪ ಮದುವೇಲಿ ಕೊಟ್ಟಿದ್ರಲ್ಲ, ಅದೂ ಒಂದು ವಾಚಾ? ಎರಡೇ ವರ್ಷಕ್ಕೆ ತಾನಾಗೇ ನಿಂತುಹೋಯ್ತು."

ಇಪ್ಪತ್ತೆರಡು ವರ್ಷದಿಂದ ನಾನು ತಿಂಗಳಿಗೊಮ್ಮೆ ಹೇಳುವ ಮಾತಿದು. ಅವಳು ಎಂದಿನಂತೆ ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಸಂಶೋಧನೆ ಶುರುವಾಯಿತು. ಡಯಲಿನ ಮೇಲೆ ಕಂಪನಿಯ ಹೆಸರು ಸವೆದು ಕೊನೆಯ ಎರಡಕ್ಷರ ಮಾತ್ರ ಉಳಿದಿತ್ತು. ಇಂಟರ್‌ನೆಟ್ಟಿನಲ್ಲಿ ಹಳೆಯ ವಾಚುಗಳ ಪಂಡಿತರ ಗುಂಪೊಂದಕ್ಕೆ ಫೋಟೋ ಕಳಿಸಿದೆ. ಒಬ್ಬ "ಅಮೂಲ್ಯ" ಎಂದ, ಇನ್ನೊಬ್ಬ "ಆಟಿಕೆ" ಎಂದ. ಮೂರನೆಯವನು, "ಹಿಂದಿನ ಮುಚ್ಚಳ ತೆಗೆದು ಒಳಗಿನ ಗುರುತು ನೋಡಿ," ಎಂದ. ಹೇಗೆ ತೆಗೆಯಬೇಕೆಂದು ಆ ಪುಣ್ಯಾತ್ಮ ಹೇಳಲಿಲ್ಲ!

ತರಕಾರಿ ಚಾಕು ತಂದೆ. ಸಂದಿಗೆ ತೂರಿಸಿ ಒತ್ತಿದೆ. ಚಾಕುವಿನ ತುದಿ ಮುರಿಯಿತು, ಮುಚ್ಚಳ ಹಾರಿ ಫ್ರಿಜ್ಜಿನ ಅಡಿಗೆ ಹೋಯಿತು, ವಾಚು ನೆಲಕ್ಕೆ ಬಿದ್ದು ಗಾಜು ಬಿರುಕು ಬಿಟ್ಟು ನಿಂತುಹೋಯಿತು. ಫ್ರಿಜ್ಜನ್ನು ಎಳೆದೆ. ಪ್ಲಗ್ಗು ಕಿತ್ತುಬಂದದ್ದು ಗೊತ್ತಾದದ್ದು ಸಂಜೆ, ಹಾಲು ಒಡೆದ ಮೇಲೆ.

"ಇದುವರೆಗೆ ಒಂದು ಚಾಕು, ಎರಡು ಲೀಟರ್ ಹಾಲು," ಎಂದಳು ಹೆಂಡತಿ. "ಬೆಲೆ ಏರ್ತಾನೇ ಇದೆ ನಿಮ್ಮ ವಾಚಿಂದು."

ಆದರೆ ಮುಚ್ಚಳದ ಒಳಗೆ ನಾನು ಕಂಡದ್ದೇನು! ಸೂಜಿಮೊನೆಯಷ್ಟು ಸಣ್ಣ ಗೆರೆಗಳಲ್ಲಿ ಮೀನುಗಳು! ಒಂದಲ್ಲ, ಒಂಬತ್ತು! ಪ್ರತಿ ಮೀನಿನ ಪಕ್ಕ ಗುಪ್ತ ಅಂಕಿಗಳು. ಅರ್ಧ ಗಂಟೆಯಲ್ಲಿ ನಿರ್ಧರಿಸಿಬಿಟ್ಟೆ: ಇದು ಹಡಗಿನ ಕ್ಯಾಪ್ಟನ್ನರಿಗಾಗಿ ಮಾಡಿದ ವಾಚು. ಒಂಬತ್ತು ಮೀನು ಎಂದರೆ ಒಂಬತ್ತು ಸಮುದ್ರಯಾನ. ತಕ್ಷಣ ಅಕ್ಕನಿಗೆ ಫೋನು.

"ಅಪ್ಪ ಹಡಗು ಎಲ್ಲೋ ಹತ್ತಿದ್ರು? ಅವರಿಗೆ ಬಸ್ಸಲ್ಲೇ ವಾಂತಿ ಬರ್ತಿತ್ತು," ಎಂದಳು ಅಕ್ಕ. ಅಸೂಯೆ ಎಂದುಕೊಂಡೆ.

ಶನಿವಾರ ವಾಚು ರಿಪೇರಿಯವರ ಅಂಗಡಿಗೆ ಹೊರಟೆ. ಹೊಸ ಚಾಕು ಕೊಳ್ಳಬೇಕೆಂದು ಹೆಂಡತಿಯೂ ಬಂದಳು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿ. ಗೋಡೆಯ ಹದಿನಾರು ಗಡಿಯಾರಗಳಲ್ಲಿ ಹದಿನಾರು ಸಮಯ. ಮುದುಕರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ನೋಡಿ ನಕ್ಕರು.

"ಯಜಮಾನ್ರೇ, ಹಡಗಿನದು ತಾನೇ?" ಎಂದೆ.

"ಯಾವ ಹಡಗು? ಈ ಮೀನು ಬರೆದವನು ನಾನೇ. ರಿಪೇರಿ ಮಾಡಿದಾಗೆಲ್ಲ ನಾವು ಒಳಗೆ ಒಂದು ಗುರುತು ಗೀರ್ತೀವಿ. ಪಕ್ಕದಲ್ಲಿ ತಿಂಗಳು, ವರ್ಷ. ನನ್ನ ಗುರುತು ಮೀನು. ಎರಡೇ ಗೆರೆಯಲ್ಲಿ ಮುಗಿಯುತ್ತೆ."

"ಅಂದ್ರೆ ಒಂಬತ್ತು ಮೀನು..."

"ಒಂಬತ್ತು ರಿಪೇರಿ! ಇದನ್ನ ತರ್ತಿದ್ದೋರು ನಿಮ್ಮ ತಂದೆ ತಾನೇ? ದಿನಕ್ಕೆ ಕಾಲು ಗಂಟೆ ಮುಂದೆ ಓಡ್ತಿತ್ತು. ಮನೇಲಿ ಹೇಳ್ಬೇಡಿ ಅಂತಿದ್ರು."

ಅಯ್ಯೋ ಅಪ್ಪಾ! ಹಾಗಾದರೆ ನಾನು ತಿಂದ ಬೈಗುಳವೆಲ್ಲ ದಂಡ! ಲೇಟಾಗಿ ಬಂದದ್ದು ನಾನಲ್ಲ, ಬೇಗ ಓಡಿದ್ದು ವಾಚು!

"ಹೋಗಲಿ, ಬೆಲೆ ಎಷ್ಟಾಗುತ್ತೆ?"

"ಇದರೊಳಗಿನ ಮಿಷನ್ನೇ ಇದರದ್ದಲ್ವಲ್ಲ ಸ್ವಾಮಿ. ಕೊನೇ ಮೀನು ನೋಡಿ, ಇಪ್ಪತ್ತೆರಡು ವರ್ಷದ ಹಿಂದಿಂದು. ಹಳೇ ಮಿಷನ್ ಪೂರ್ತಿ ಕೈಕೊಟ್ಟಿತ್ತು. ನಿಮ್ಮ ತಂದೆ ನೀರಿಗೆ ಬಿದ್ದ ಇನ್ನೊಂದು ವಾಚು ತಂದ್ರು. ಡಯಲ್ ಹಾಳಾಗಿತ್ತು, ಮಿಷನ್ ಮಾತ್ರ ಚಿನ್ನದಂಥದ್ದು. ಅದನ್ನ ಇದರೊಳಗೆ ಕೂರಿಸ್ದೆ. ಅವತ್ತಿಂದ ಒಂದು ದಿನಾನೂ ರಿಪೇರಿಗೆ ಬಂದಿಲ್ಲ!"

ನಾನು ಆತುರದಿಂದ ವಾಚಿಗೆ ಕೈ ಚಾಚಿದೆ. "ಹೊರಡೋಣ ಬಾರೇ," ಎಂದೆ.

"ಇರಿ. ಆ ನೀರಿಗೆ ಬಿದ್ದ ವಾಚು ಯಾರದಂತೆ?" ಎಂದಳು ಹೆಂಡತಿ.

"ಮಗನಿಗೆ ಮದುವೇಲಿ ಮಾವ ಕೊಟ್ಟಿದ್ದಂತೆ. ಅಂಗಿ ಜೇಬಲ್ಲೇ ಬಿಟ್ಟು ಸೋಪಿನ ನೀರಲ್ಲಿ ನೆನೆಹಾಕಿದನಂತೆ ಆ ಭೂಪ. ಹೆಂಡ್ತಿಗೆ ತಾನಾಗೇ ನಿಂತುಹೋಯ್ತು ಅಂತ ಹೇಳಿದಾನೆ ಅಂತ ನಗ್ತಿದ್ರು ನಿಮ್ಮ ತಂದೆ."

ಹದಿನಾರು ಗಡಿಯಾರಗಳೂ ನನ್ನನ್ನೇ ನೋಡುತ್ತಿದ್ದವು. ಮುದುಕರು ಗಾಜು ಬದಲಾಯಿಸಿ, ಹತ್ತನೆಯ ಮೀನು ಗೀರಿ, ಮುಚ್ಚಳ ಒತ್ತಿದರು. ವಾಚು ನಡೆಯತೊಡಗಿತು. "ಮಾರಿದ್ರೆ ಏನೂ ಹುಟ್ಟಲ್ಲ. ಕಟ್ಕೊಂಡ್ರೆ ಇನ್ನೂ ಇಪ್ಪತ್ತು ವರ್ಷ ಓಡುತ್ತೆ," ಎಂದರು.

ಹೆಂಡತಿ ಅದನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತಳು. ಅವಳಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಬೀದಿಗೆ ಬಂದ ಮೇಲೆ ಮೆಲ್ಲಗೆ ಕೆಮ್ಮಿದೆ.

"ಇವತ್ತಿನ್ನೂ ಶನಿವಾರ. ವಾಚು ಅಕ್ಕನಿಗೆ ಕೊಟ್ಟು, ನಿನ್ನ ಯಂತ್ರ ತಂದುಬಿಡೋಣ್ವಾ?"

"ನಮ್ಮಪ್ಪನ ವಾಚನ್ನ ನಿಮ್ಮಕ್ಕನಿಗೆ ಯಾಕ್ರೀ ಕೊಡ್ಬೇಕು?" ಎಂದವಳೇ ಪಟ್ಟಿಯನ್ನು ಕೊನೆಯ ತೂತಿಗೆ ಬಿಗಿದು ತನ್ನ ಕೈಗೆ ಕಟ್ಟಿಕೊಂಡಳು.

ಭಾನುವಾರ ಅಕ್ಕನ ಮನೆಯಿಂದ ಅವಳ ಸೊಸೆ ಯಂತ್ರ ಒಯ್ದಳು. ಮೂರು ಮಹಡಿ ಅದನ್ನು ಹೊತ್ತು ಇಳಿಸಿದವನು ನಾನೇ. ಸೋಮವಾರ ಆಫೀಸಿನಿಂದ ಬರುವಾಗ ನೆನಪಿಟ್ಟು ಬಲ್ಬು ಕೊಂಡೆ. ಮನೆ ಬಾಗಿಲು ತೆರೆದವಳು ಬಲ್ಬನ್ನು ನೋಡಲೇ ಇಲ್ಲ. ಮಣಿಕಟ್ಟು ತಿರುಗಿಸಿ ನೋಡಿದಳು.

"ಎಂಟು ನಿಮಿಷ ಲೇಟು ಕಣ್ರೀ ನೀವು. ನಮ್ಮಪ್ಪನ ವಾಚು ಒಂದು ನಿಮಿಷ ಆಚೀಚೆ ಹೋಗಲ್ಲ!"