ಗಿಡ್ಡ ಬಿದ್ದ, ನಾನು ಗೆದ್ದೆ

ಮುಂದಾಗುವುದನ್ನು ಯಾರೂ ಹೇಳಲಾರರು ಎನ್ನುವವರ ಬಳಿ ಸಾಮಾನ್ಯವಾಗಿ ಅಳತೆ ಟೇಪು ಇರುವುದಿಲ್ಲ. ನನ್ನ ಬಳಿ ಇತ್ತು. ಅದು ಶಿಕಾರಿಪುರದ ದಸ್ತಗೀರ್ ಸಾಬರ ಟೈಲರ್ ಅಂಗಡಿಯದು ಎನ್ನುವುದು ಬೇರೆ ಮಾತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ವರ್ಷ. ನಾನು ಅಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಅಮೆರಿಕದಲ್ಲಿ ಇಬ್ಬರು ಬಾಕ್ಸರುಗಳು ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಗುದ್ದಾಡುವವರಿದ್ದರು. ಅವರ ಹೆಸರಿಗೆ ನಮ್ಮ ನಾಲಿಗೆ ಹೊರಳದ ಕಾರಣ ಒಬ್ಬನನ್ನು ಉದ್ದನವನು, ಇನ್ನೊಬ್ಬನನ್ನು ಗಿಡ್ಡ ಎಂದು ಕರೆದೆವು. ಪತ್ರಿಕೆಯ ಫೋಟೋ ಕತ್ತರಿಸಿ, ತೋಳು ಅಳೆದು, ಚಾರ್ಟು ಬರೆದು, ಸಾಬರ ಅಂಗಡಿಯ ಗೋಡೆಗೆ ಅಂಟಿಸಿ ನಾನು ತೀರ್ಪು ಕೊಟ್ಟೆ: ಉದ್ದನವನ ಕೈ ಗಿಡ್ಡನ ಮೂಗು ಮುಟ್ಟುತ್ತದೆ. ಗಿಡ್ಡನ ಕೈ ಗಾಳಿ ಮುಟ್ಟುತ್ತದೆ. ಉದ್ದನವನಿಗೇ ಜಯ!

"ಹೌದಲ್ರೀ!" ಎಂದರು ಸಾಬರು. ಹರೆಯದಲ್ಲಿ ಗರಡಿಮನೆಯ ಮಣ್ಣು ಮೆತ್ತಿಕೊಂಡು ಕುಸ್ತಿ ಆಡಿದವರು. ಅವರೇ ಒಪ್ಪಿದ ಮೇಲೆ ಇನ್ನೇನು!

ಇಷ್ಟಕ್ಕೇ ನಿಂತಿದ್ದರೆ ಇದು ನಿರುಪದ್ರವಿ ವಿಜ್ಞಾನವಾಗಿರುತ್ತಿತ್ತು. ಆದರೆ ನನ್ನ ಹೆಂಡತಿ ಸುಮಿತ್ರ ಸೊರಬದ ತವರಿನಲ್ಲಿ ಬಾಣಂತಿಯಾಗಿದ್ದಳು. ಮಗನಿಗೆ ಹೆಸರಿಡಬೇಕಿತ್ತು. ಅವಳ ತಮ್ಮ ಶೇಖರ, ತೀರಿಹೋದ ಅಪ್ಪನ ಹೆಸರೇ ಆಗಬೇಕೆಂದು ಹಟ ಹಿಡಿದಿದ್ದ: ಗುತ್ಯಪ್ಪ. ನಾನು ಭೂಮಿಯ ಮೇಲೆ ಯಾರಿಗೂ ಇಲ್ಲದ ಹೆಸರು ಹುಡುಕಿದ್ದೆ: ನಿರಂತರ.

"ನಿರಂತರ ಅಂದ್ರೆ ಎಂತ? ಯಾವಾಗ್ಲೂ ಅಳ್ತಾ ಇರೋದಾ?" ಎಂದಳು ಸುಮಿತ್ರ. "ಈಗ್ಲೇ ಹಂಗಿದಾನೆ. ಅದಕ್ಕೊಂದು ಹೆಸರು ಬೇರೆ ಬೇಕಾ?"

ಎರಡು ಭಾನುವಾರ ಸೊರಬಕ್ಕೆ ಹೋಗಿ ಜಗಳವಾಡಿ ಬಂದೆ. ಮೂರನೆಯ ಭಾನುವಾರ ಶೇಖರ ಹೇಳಿದ:

"ಭಾವ, ನೀವು ದೊಡ್ಡ ಬಾಕ್ಸಿಂಗ್ ಪಂಡಿತ್ರು ಅಲ್ವಾ? ಉದ್ದನವನು ಗೆದ್ರೆ ನಿಮ್ಮ ಹೆಸರು. ಗಿಡ್ಡ ಗೆದ್ರೆ ಅಪ್ಪನ ಹೆಸರು."

ಹೆತ್ತ ಮಗನ ಹೆಸರನ್ನು ಪಣಕ್ಕಿಡುವ ತಂದೆ ಎಂಥವನು? ಖಚಿತವಾಗಿ ಗೆಲ್ಲುವವನು! ಕೈ ಕುಲುಕಿದೆ.

ಪಂದ್ಯದ ದಿನವೇ ಸಂಜೆ ತೊಟ್ಟಿಲ ಶಾಸ್ತ್ರ. ಅಮೆರಿಕದ ರಾತ್ರಿ ನಮಗೆ ಬೆಳಗು; ಆ ಬೆಳಿಗ್ಗೆ ಸಾಬರ ಅಂಗಡಿಯಲ್ಲಿ ನನ್ನ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತೆ. ಇಂಗ್ಲಿಷ್ ಕಾಮೆಂಟರಿ ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಹೋದಾಗಲೂ ತಿರುಗಿಸುತ್ತಿದ್ದೆ. ಸಾಬರು ಮಗುವಿನ ಕುಲಾವಿ ಹೊಲಿಯುತ್ತಿದ್ದರು.

ಐದನೆಯ ಸುತ್ತಿನಲ್ಲಿ ರೇಡಿಯೋ ಕಿರುಚಿತು. ಐದನೆಯದೇ ಹೌದೋ ಅಲ್ಲವೋ, ಈ ಕಥೆ ಹೇಳುವಾಗ ಒಮ್ಮೊಮ್ಮೆ ಅದು ಒಂಬತ್ತನೆಯದೂ ಆಗಿದೆ.

"ಬಿದ್ದ! ಗಿಡ್ಡ ಬಿದ್ದ!"

"ಹೆಂಗ್ ಬಿದ್ದ? ಬೆನ್ನು ತಾಗ್ತಾ?"

"ಅಂಗಾತ!"

"ಚಿತ್!" ಎಂದು ಸಾಬರು ಕೂತಲ್ಲೇ ಗರ್ಜಿಸಿದರು. "ಬೆನ್ನು ಮಣ್ಣಿಗೆ ತಾಗಿದ್ ಮೇಲೆ ಮುಗೀತಲ್ರೀ ಮೇಷ್ಟ್ರೇ. ಸುಮ್ನೆ ಸೆಲ್ ಯಾಕ್ ಸುಡ್ತೀರಿ?"

ರೇಡಿಯೋ ಆರಿತು. ಆರಿಸಿದವರು ಸಾಬರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಅವರ ಒಂದು ಕೈಯಲ್ಲಿ ಕುಲಾವಿ, ಇನ್ನೊಂದರಲ್ಲಿ ಸೂಜಿ ಇದ್ದದ್ದು ನನಗೆ ಚೆನ್ನಾಗಿ ಕಾಣುತ್ತದೆ. ಗುಂಡಿ ತಿರುಗಿಸಿದ ಮೂರನೆಯ ಕೈ ಯಾರದೆಂದು ನೀವೇ ಊಹಿಸಿ.

ಸಾಬರು ಕುಲಾವಿಯ ಹಣೆಗೆ ಕೆಂಪು ದಾರದಲ್ಲಿ 'ನಿರಂತರ' ಎಂದು ಕಸೂತಿ ಹಾಕಿದರು. "ಬಸ್ಸಿನ ಹೆಸರಿದ್ದಂಗೈತಿ ನೋಡ್ರಿ. ಹೊಲಿಗೆ ಮಾತ್ರ ಜನ್ಮಕ್ಕೂ ಬಿಚ್ಚಂಗಿಲ್ಲ!"

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲೊಂದು ಹೋಟೆಲಿನ ಕರಿಹಲಗೆಯಲ್ಲಿ 'ಬಿಸಿ ಮಿರ್ಚಿ, ಮಂಡಕ್ಕಿ' ಎಂದಿತ್ತು. ಸೀಮೆಸುಣ್ಣ ಕೇಳಿ ಪಡೆದು ಅದರ ಕೆಳಗೆ 'ಉದ್ದನವನಿಗೆ ವಿಶ್ವ ಪಟ್ಟ' ಎಂದು ಬರೆದು, ಅಂಗಾತ ಬಿದ್ದ ಗಿಡ್ಡನ ಚಿತ್ರ ಬಿಡಿಸಿದೆ. ಚಿತ್ರ ಸೊಗಸಾಗಿತ್ತು. ಅದೊಂದನ್ನು ಇಂದಿಗೂ ಯಾರೂ ಅಲ್ಲಗಳೆದಿಲ್ಲ.

ಸೊರಬದಲ್ಲಿ ಶೇಖರ ಜಗಲಿಯ ಮೇಲೆ ಕೂತು ಊಟದ ಬಾಳೆಲೆ ಒರೆಸುತ್ತಿದ್ದ. ಪಕ್ಕದಲ್ಲಿ ಅವನದೂ ಒಂದು ರೇಡಿಯೋ ಇತ್ತು. ನಾನು ಅದನ್ನು ಗಮನಿಸಬೇಕಿತ್ತು.

"ಗೆದ್ದೆ ಕಣೋ!"

"ಹೌದಾ! ಎಲ್ಲೀವರೆಗೆ ಕೇಳಿದ್ರಿ ಭಾವ?"

"ಗಿಡ್ಡ ಅಂಗಾತ ಬೀಳೋವರೆಗೆ."

"ಆಮೇಲೆ?"

"ಆಮೇಲೆ ಎಂಥದೋ? ಬಿದ್ದ ಮೇಲೆ ಮುಗೀತಲ್ಲ!"

"ಅದು ಕುಸ್ತೀಲಿ ಭಾವ. ಬಾಕ್ಸಿಂಗಲ್ಲಿ ಬಿದ್ದೋನಿಗೆ ಹತ್ತು ಎಣಿಸೋವರೆಗೂ ಟೈಮ್ ಇರುತ್ತೆ. ರೆಫರಿ ಎಣಿಸ್ದ. ಐದು ಅಂದ, ಆರು ಅಂದ, ಏಳು ಅಂದ. ಏಳು ಅಂದ್ಮೇಲೆ ಏಳ್ದೆ ಇರ್ತಾನಾ? ಎದ್ದ! ಮುಂದಿನ ಸುತ್ತಲ್ಲೇ ನಿಮ್ಮ ಉದ್ದನವನನ್ನ ಮಲಗಿಸ್ದ. ಅವನು ನೂರು ಎಣಿಸಿದ್ರೂ ಏಳ್ತಿರ್ಲಿಲ್ಲ."

ತಿಂಗಳಿಡೀ ತೋಳು ಅಳೆದಿದ್ದೆ. ಬಿದ್ದವನು ಏಳಬಹುದು ಎನ್ನುವುದಕ್ಕೆ ನನ್ನ ಚಾರ್ಟಿನಲ್ಲಿ ಕಾಲಮ್ಮೇ ಇರಲಿಲ್ಲ!

"ರೆಫರಿ ಇಂಗ್ಲಿಷಲ್ಲಿ ಎಣಿಸಿರ್ತಾನೆ," ಎಂದು ಕೊನೆಯ ತಕರಾರು ಎತ್ತಿದೆ.

"ಗಿಡ್ಡಂಗೆ ಕನ್ನಡದಲ್ಲೇ ಕೇಳ್ಸಿರ್ಬೇಕು ಬಿಡ್ರೀ!" ಎಂದಿತು ಒಳಗಿನಿಂದ ಸುಮಿತ್ರಳ ದನಿ.

ಸಂಜೆ ನನ್ನ ಸ್ವಂತ ಅಕ್ಕನೇ ಮಗುವಿನ ಕಿವಿಯಲ್ಲಿ ಮೂರು ಸಲ "ಗುತ್ಯಪ್ಪ" ಎಂದಳು. ಸುಮಿತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಟ್ಟಿದಂದಿನಿಂದ ಅಳುತ್ತಿದ್ದ ಮಗು ತಟ್ಟನೆ ಸುಮ್ಮನಾಯಿತು. ದ್ರೋಹಿ! ಕುಲಾವಿಯ ಅಕ್ಷರ ಬಿಚ್ಚಲು ಹೋದರೆ ಸಾಬರ ಹೊಲಿಗೆ ಜಗ್ಗಲಿಲ್ಲ. ಬಂದ ಹೆಂಗಸರು ಹಣೆಯ ಮೇಲಿದ್ದುದನ್ನು ಓದಿ, ಅಕ್ಕ ಹೇಳಿದ್ದನ್ನು ಕೇಳಿ, ಎರಡನ್ನೂ ಕೂಡಿಸಿ "ನಿರಂತರ ಗುತ್ಯಪ್ಪ" ಎಂದು ಹರಸಿ ಹೋದರು.

ಗುತ್ಯಪ್ಪನಿಗೆ ಈಗ ಆರು ವರ್ಷ. ಅವನ ಮಾವ ಈ ಕಥೆಯನ್ನು ಒಂದಕ್ಷರ ಬಿಡದೆ ಅವನಿಗೆ ಹೇಳಿದ್ದಾನೆ. ಬೆಳಿಗ್ಗೆ ಸ್ಕೂಲಿಗೆ ಹೊತ್ತಾಯಿತೆಂದು ನಾನು ಕಂಬಳಿ ಎಳೆದು ಕೂಗುತ್ತೇನೆ:

"ಗುತ್ಯಪ್ಪಾ, ಏಳು!"

"ಎಂಟು," ಎನ್ನುತ್ತದೆ ಕಂಬಳಿ. "ಒಂಬತ್ತು..."

ಹತ್ತು ಆದರೆ ಸೋತವನು ನಾನೇ; ಅದಕ್ಕೆ ಮೊದಲೇ ಅಡುಗೆಮನೆಯ ಕಡೆ ಕಾಲು ಕೀಳುತ್ತೇನೆ. ಸಾಬರ ಲೆಕ್ಕದಲ್ಲಿ ನನ್ನ ಬೆನ್ನು ಇನ್ನೂ ನೆಲಕ್ಕೆ ತಾಗಿಲ್ಲ ಎನ್ನುವುದೊಂದೇ ಸಮಾಧಾನ!